ಗುರುಗಳು ಮೊಣಕಾಲೂರಿ ತಪ್ಪು ಕೇಳಿದ್ದು

ಇದು ನಡೆದದ್ದು ಬಹಳ ಹಿಂದೆ, ಒಂದು ಮಳೆಗಾಲದಲ್ಲಿ. ಕಾಲು ಆಡಿಸದೆ ಕೇಳು.

ಹೊಳೆಯ ದಂಡೆಯ ವಿಹಾರದಲ್ಲಿ ಭದ್ದಸೇನರೆಂಬ ಮುದಿ ಭಿಕ್ಷು ಇದ್ದರಂತೆ. ನಂದಿಲ, ಕುಮುದ, ಸಿವಕ ಎಂದು ಮೂವರು ಶಿಷ್ಯರು; ಗುರುಗಳನ್ನು ಭಂತೆ ಎನ್ನುತ್ತಿದ್ದರು. ಮಳೆ ನಿಲ್ಲುವವರೆಗೆ ಭಿಕ್ಷುಗಳು ಊರೂರು ಅಲೆಯುವಂತಿಲ್ಲ, ಇದ್ದಲ್ಲೇ ಇದ್ದು ಓದಬೇಕು. ಆದ್ದರಿಂದ ಗುರುಗಳಿಗೆ ಆ ಮೂವರಿಂದ ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲವಂತೆ.

ಮೊದಲು, ಎಲ್ಲವೂ ಅನಿತ್ಯ, ಹುಟ್ಟಿದ್ದೆಲ್ಲ ಅಳಿಯುತ್ತದೆ ಎಂದು ಕಲಿಸಿದರಂತೆ. ಮರುದಿನ ನೋಡಿದರೆ ನಂದಿಲ ಸೋರುವ ಸೂರಿಗೆ ಹುಲ್ಲು ಹೊದಿಸದೆ ಕೂತಿದ್ದಾನೆ. ಏಕಪ್ಪಾ ಎಂದರೆ, ಸೋರುವುದೂ ಅನಿತ್ಯವೇ ಅಲ್ಲವೇ ಭಂತೆ, ತಾನಾಗಿ ನಿಲ್ಲುತ್ತದೆ ಎಂದನಂತೆ. ಆಮೇಲೆ, ಆಸೆಯೇ ದುಃಖದ ಬೇರು ಎಂದು ಕಲಿಸಿದರು. ಅಂದು ಭಿಕ್ಷೆಗೆ ಹೋದ ಕುಮುದ ಬರಿಯ ಪಾತ್ರೆ ಹಿಡಿದು ಬಂದ. ಮನೆಯವರು ಏನು ಬೇಕೆಂದು ಕೇಳಿದರು ಭಂತೆ, ನನಗೇನೂ ಬೇಡ ಎಂದೆ, ಬಾಗಿಲು ಹಾಕಿಕೊಂಡರು ಎಂದನಂತೆ. ಮಧ್ಯಾಹ್ನ ಕಳೆದ ಮೇಲೆ ಭಿಕ್ಷುಗಳು ಉಣ್ಣುವಂತಿಲ್ಲ. ನಾಲ್ವರೂ ನೀರು ಕುಡಿದು ಮಲಗಿದರು. ಆಮೇಲೆ, ನಾನು ಎಂಬ ಗಟ್ಟಿ ವಸ್ತು ಒಳಗೆಲ್ಲೂ ಇಲ್ಲ ಎಂದು ಕಲಿಸಿದರು. ಸಂಜೆಗೆ ನೀರಿನ ಕೊಡ ಒಡೆದಿತ್ತು. ಯಾರು ಒಡೆದದ್ದು ಎಂದರೆ ಸಿವಕ, ಒಡೆದವನೆಂಬುವನು ಇಲ್ಲವಲ್ಲ ಭಂತೆ ಎಂದನಂತೆ. ಹಾಗಾದರೆ ನಾಳೆ ಉಣ್ಣುವವನೂ ಇಲ್ಲ, ಸುಮ್ಮನಿರು ಎಂದರಂತೆ ಗುರುಗಳು.

ಸಾಕಾಗಿತ್ತು ಅವರಿಗೆ. ಬರುವ ಹುಣ್ಣಿಮೆ ಕಳೆದೊಡನೆ ಮೂವರೂ ಕಾವಿ ಬಿಚ್ಚಿಟ್ಟು ಮನೆಗೆ ಹೋಗಿ ಎಂದುಬಿಟ್ಟರಂತೆ. ದಡ್ಡರಾದರೂ ಕಲಿಯುವ ಮನಸ್ಸಿದ್ದವರು. ಮೂವರ ಮುಖವೂ ಬಾಡಿತು.

ಮಳೆಗಾಲದ ಕೊನೆಯ ಹುಣ್ಣಿಮೆಗೆ ಅವರಲ್ಲೊಂದು ಪದ್ಧತಿ. ಹಿರಿಯರೇ ಮೊದಲು ಮೊಣಕಾಲೂರಿ, ನನ್ನಲ್ಲಿ ತಪ್ಪು ಕಂಡಿದ್ದರೆ, ಕೇಳಿದ್ದರೆ, ಶಂಕಿಸಿದ್ದರೆ, ಕರುಣೆಯಿಟ್ಟು ಹೇಳಿ ಎಂದು ಬೇಡಬೇಕು. ಪ್ರತಿವರ್ಷ ಭದ್ದಸೇನರು ಬೇಡುತ್ತಿದ್ದರು, ಮರ್ಯಾದೆಗೆಂದು ಯಾರೂ ಬಾಯಿ ಬಿಡುತ್ತಿರಲಿಲ್ಲ. ಆ ವರ್ಷ ನಂದಿಲ, ಹೇಗೂ ಹೋಗುವವರು, ಹೇಳಿಬಿಡೋಣ ಎಂದುಕೊಂಡನಂತೆ.

ಭಂತೆ, ಕಂಡದ್ದು ಹೇಳುತ್ತೇನೆ, ಇಂದು ದಡ್ಡರಾದವರು ಎಂದೆಂದೂ ದಡ್ಡರೇ ಎಂಬಂತೆ ನಮ್ಮನ್ನು ನೋಡುತ್ತೀರಿ ಎಂದನಂತೆ. ಕುಮುದ, ನಾನು ಕೇಳಿದ್ದು ಹೇಳುತ್ತೇನೆ, ಹೊಳೆಯಲ್ಲಿ ಬಟ್ಟೆ ಹಿಂಡುತ್ತಾ, ಒಬ್ಬನಾದರೂ ಪಂಡಿತ ಸಿಕ್ಕಿದ್ದರೆ ಎಂದು ನಿಟ್ಟುಸಿರು ಬಿಟ್ಟಿರಿ, ಅದು ಆಸೆಯಲ್ಲವೇ ಎಂದನಂತೆ. ಸಿವಕ ತಡವರಿಸಿ, ನನ್ನದು ಶಂಕೆ ಮಾತ್ರ, ಭದ್ದಸೇನರ ಶಿಷ್ಯರು ಇಂಥವರೇ ಎಂದು ಜನ ನಗುತ್ತಾರಲ್ಲ, ನಿಮ್ಮೊಳಗಿನ ನಾನು ಎಂಬುದಕ್ಕೆ ಅದೇ ನೋವೇನೋ ಎಂದನಂತೆ.

ಗುರುಗಳು ಮೊಣಕಾಲ ಮೇಲಿದ್ದಂತೆಯೇ, ತಪ್ಪು ನನ್ನದೇ, ಒಪ್ಪಿದೆ ಎಂದು ತಲೆಬಾಗಿ, ಇಷ್ಟೆಲ್ಲ ತಿಳಿದವರು ಮಳೆಗಾಲವಿಡೀ ನನ್ನನ್ನೇಕೆ ಹೀಗೆ ಗೋಳು ಹೊಯ್ದುಕೊಂಡಿರಿ ಎಂದು ಗದರಿ, ಯಾರೂ ಎಲ್ಲಿಗೂ ಹೋಗಬೇಡಿ, ನಾಳೆಯಿಂದ ನಾಲ್ವರೂ ಕೂಡಿ ಮೊದಲಿಂದ ಓದೋಣ ಎಂದರಂತೆ. ಹಾಗೆಯೇ ಓದುತ್ತಾ, ಜಗಳವಾಡುತ್ತಾ, ಸುಖವಾಗಿದ್ದರಂತೆ.

ಕತೆ ಇಲ್ಲಿಗೆ ನಿಂತಿತು, ಕಣ್ಣು ಮುಚ್ಚು. ಅಂದು ಅಲ್ಲಿದ್ದವರು ಭದ್ದಸೇನರು, ನಂದಿಲ, ಕುಮುದ, ಸಿವಕ.