ಬ್ರೇಕ್ ಹಾಕಿದ ಸ್ನೋಬೋರ್ಡು

ಸ್ನೋಬೋರ್ಡೊಂದು ಹಿಮದ ದಿಬ್ಬಗಳು ತುಂಬಿದ ಇಳಿಜಾರಿನಲ್ಲಿ ಜಾರಲು ಕಲಿಯುತ್ತಿತ್ತು. ಇಳಿಜಾರು ಮುಚ್ಚುವ ಸಂಜೆಯ ಶಿಳ್ಳೆ ಕೇಳುವುದರೊಳಗೆ ಒಮ್ಮೆಯಾದರೂ ಬೀಳದೆ ಕೆಳಗೆ ತಲುಪದಿದ್ದರೆ, ನಾಳೆಯಿಂದ ಅದು ಮಕ್ಕಳ ಬಯಲಿಗೆ ಹೋಗಬೇಕಿತ್ತು. ಮೂರನೆಯ ದಿಬ್ಬದ ಬಳಿ ಅದು ಒಂಬತ್ತನೆಯ ಸಲ ಮಗುಚಿತು.

“ದಾರಿಗೆ ಅಡ್ಡ ಕೂರಲು ನಾಚಿಕೆಯಾಗುವುದಿಲ್ಲವೇ ನಿನಗೆ?” ಎಂದು ದಿಬ್ಬವನ್ನು ಗದರಿತು.

“ಸ್ವಾಮಿ, ಬೆಳಿಗ್ಗೆ ನಾನು ಗೇಣುದ್ದ ಇದ್ದೆ,” ಎಂದಿತು ದಿಬ್ಬ. “ತಾವು ಪ್ರತಿ ಸಲವೂ ಹೆದರಿ, ಅಡ್ಡ ತಿರುಗಿ, ಬ್ರೇಕ್ ಹಾಕುತ್ತೀರಿ. ಮೇಲಿನ ಹಿಮವನ್ನೆಲ್ಲ ಕೆರೆದು ತಂದು ನನ್ನ ತಲೆಗೆ ಸುರಿಯುತ್ತೀರಿ. ಈಗ ಸೊಂಟದೆತ್ತರ ಆಗಿದ್ದೇನೆ. ಬೆಳೆಯಬೇಕೆಂದು ನಾನು ಕೇಳಿದೆನೇ?”

“ಹಾಗಾದರೆ ಏನು ಮಾಡಲಿ?”

“ಬ್ರೇಕ್ ಬಿಡಿ. ಮೈ ಸಡಿಲಿಸಿ, ನನ್ನ ಪಕ್ಕದ ತಗ್ಗಿನಲ್ಲಿ ತಿರುಗಿಕೊಂಡು ಹೋಗಿ. ಇದನ್ನು ಎಂಟು ಸಲ ಹೇಳಿದ್ದೇನೆ.”

“ಬ್ರೇಕ್ ಬಿಡುವುದೇ? ಇಷ್ಟೆತ್ತರದ ದಿಬ್ಬದೆದುರು? ಬುದ್ಧಿ ಹೇಳುವವರಿಗೆ ಏನು, ನಿಂತಲ್ಲೇ ನಿಂತಿರುತ್ತಾರೆ!”



ಕೊನೆಯ ಸಲ ಇಳಿಯುವಾಗ ಸ್ನೋಬೋರ್ಡು ಮುಂಜಾಗ್ರತೆ ವಹಿಸಿತು. ದಿಬ್ಬ ಇನ್ನೂ ಹತ್ತು ಮಾರು ದೂರವಿರುವಾಗಲೇ ಅಡ್ಡ ತಿರುಗಿ, ಮೈಯ ಬಲವನ್ನೆಲ್ಲ ಹಾಕಿ ಬ್ರೇಕ್ ಒತ್ತಿತು. ಹಿಮ ಗರಗರನೆ ಕೆರೆದುಕೊಂಡು ಮುಂದೆ ರಾಶಿಬಿತ್ತು. ಸ್ನೋಬೋರ್ಡು ನೆಟ್ಟಗೆ ನಿಂತಿತು.

“ನೋಡಿದೆಯಾ? ಬೀಳಲಿಲ್ಲ!” ಎಂದು ಕೂಗಿತು.

ಆಗ ಶಿಳ್ಳೆ ಕೇಳಿಸಿತು.

“ಬೀಳಲಿಲ್ಲ, ಸ್ವಾಮಿ. ಇಳಿಯಲೂ ಇಲ್ಲ,” ಎಂದಿತು ದಿಬ್ಬ. “ತಮ್ಮ ಮುಂದೆ ಈಗತಾನೆ ಹುಟ್ಟಿದವನೊಬ್ಬ ಕೂತಿದ್ದಾನೆ. ಹೋಗುವ ಮೊದಲು ಅವನನ್ನೂ ಬೈದುಬಿಡಿ.”