ನೀಲಿ ಕಾರಿನ ಗುಣಗಾನ

ಅಮೆರಿಕದ ಓಹಾಯೋದಲ್ಲಿದ್ದ ಶ್ಯಾಮರಾಯರ ಮನೆಗೆ ಬೆಳ್ಳಿ ಬಣ್ಣದ ಸೆಡಾನ್ ಕಾರು ಬಂತು. ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆ ಮಾಡಿದ ದಿನವೇ ಅವರ ಹೆಂಡತಿ ಅಂಬುಜಮ್ಮ, "ಹಳೇ ನೀಲಿ ಕಾರಿನ ಡಿಕ್ಕೀಲಿ ನನ್ನ ಹಾರ್ಮೋನಿಯಂ ಆರಾಮಾಗಿ ಕೂರ್ತಿತ್ತು ಕಣ್ರೀ" ಎಂದರು.

"ಸೀಟಂತೂ ಸೋಫಾ ಇದ್ದ ಹಾಗಿತ್ತು" ಎಂದರು ರಾಯರು.

ದಿನವೂ ಇದೇ ಮಾತು. ಬೆಳ್ಳಿ ಕಾರು ಕೇಳಿ ಕೇಳಿ ಸೊರಗಿತು.

ಒಮ್ಮೆ ದಂಪತಿ ತರಕಾರಿ ಅಂಗಡಿಯೊಳಗೆ ಹೋಗಿದ್ದಾಗ, ಹೊರಗೆ ನಿಂತಿದ್ದ ಬೆಳ್ಳಿ ಕಾರಿನ ಪಕ್ಕಕ್ಕೆ ಆ ನೀಲಿ ಕಾರೇ ಬಂದು ನಿಂತಿತು. ಈಗ ಅದು ಬೇರೆಯವರದು.

"ಅಯ್ಯಾ, ರಾಯರ ಮನೆಯಲ್ಲಿ ನಿನ್ನ ಹೊಗಳಿಕೆ ಕೇಳಿ ಸಾಕಾಗಿದೆ. ಇನ್ನು ನಾನು ಸ್ಟಾರ್ಟ್ ಆಗುವುದಿಲ್ಲ. ನನ್ನನ್ನು ಮಾರಿಬಿಡಲಿ" ಎಂದಿತು ಬೆಳ್ಳಿ ಕಾರು.

ನೀಲಿ ಕಾರಿಗೆ ಆಶ್ಚರ್ಯ. "ನನ್ನನ್ನು ಹೊಗಳುತ್ತಾರೆಯೇ? ನಾನಿದ್ದಷ್ಟು ವರ್ಷವೂ ಅವರು ಹೊಗಳಿದ್ದು ನನಗಿಂತ ಹಿಂದಿನ ಕಂದು ಕಾರನ್ನು! ಹಾರ್ಮೋನಿಯಂ ಇಡುವಾಗಲೆಲ್ಲ ಅಂಬುಜಮ್ಮ ನನ್ನ ಡಿಕ್ಕಿಯನ್ನು ಬೈಯುತ್ತಿದ್ದರು."

"ಹಾಗಾದರೆ ನನ್ನನ್ನು ಹೊಗಳುವುದು ಯಾವಾಗ?"

"ಮಾರಿದ ಮರುದಿನ. ನಿನಗೇನಾದರೂ ಅವಸರವಿದೆಯೇ?"

ಅಷ್ಟರಲ್ಲಿ ದಂಪತಿ ಚೀಲ ಹಿಡಿದು ಬಂದರು. ಪಕ್ಕದ ಕಾರನ್ನು ನೋಡದೆಯೇ ಒಳಗೆ ಕೂತ ಅಂಬುಜಮ್ಮ, "ನಮ್ಮ ನೀಲಿ ಕಾರಿನ ಹಾರ್ನ್ ಎಷ್ಟು ಇಂಪಾಗಿತ್ತು, ಅಲ್ವೇನ್ರೀ?" ಎಂದರು.

ಬೆಳ್ಳಿ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.