ತೊಟ್ಟಿಯ ಹಕ್ಕಳೆ

ಹೊಳೆದಂಡೆಯ ಆಶ್ರಮದಲ್ಲಿ ಒಂದು ಮುದಿ ನೀರಿನ ತೊಟ್ಟಿ ಇತ್ತು. ನಿರ್ವಾಣಪ್ಪ ಗುರುಗಳ ಗುರುಗಳು ಕಟ್ಟಿಸಿದ್ದು. ಮೈತುಂಬ ಬಿರುಕು. ಸೋರಿದ ನೀರಿಗೆ ಅಂಗಳವೆಲ್ಲ ಪಾಚಿ.

ಒಂದು ಬೆಳಗ್ಗೆ ಆ ಪಾಚಿಯ ಮೇಲೆ ಗುರುಗಳೇ ಜಾರಿ ಬಿದ್ದು ಮೊಣಕಾಲು ತರಚಿಕೊಂಡರು.

"ಇದರ ಸಹವಾಸ ಸಾಕು, ಒಡೆದು ಹಾಕೋಣ," ಎಂದರು ಆಶ್ರಮದವರೆಲ್ಲ.

ಶಿಷ್ಯ ಮೃತ್ಯುಂಜಯ ಅಡ್ಡ ಬಂದ. ಇಂಜಿನಿಯರಿಂಗ್ ಓದಿ ಬಂದವನು. ಆ ತೊಟ್ಟಿಯೆಂದರೆ ಅವನಿಗೆ ಪ್ರಾಣ.

"ಬರುವ ಹುಣ್ಣಿಮೆಯವರೆಗೆ ಬಿಡಿ. ಆಗಲೂ ಸೋರ್ತಿದ್ದರೆ ಮೊದಲ ಸುತ್ತಿಗೆ ಏಟು ನಾನೇ ಹಾಕ್ತೀನಿ," ಎಂದುಬಿಟ್ಟ.

ಪೇಟೆಯಿಂದ ಏನೋ ಹೊಸ ಪುಡಿ ತರಿಸಿ, ಗಾರೆಗೆ ಕಲಸಿ, ಬಿರುಕುಗಳಿಗೆಲ್ಲ ತುಂಬಿದ.

"ಏನಪ್ಪಾ ಅದು?" ಎಂದರು ಗುರುಗಳು.

"ಇದರಲ್ಲಿ ಸೂಕ್ಷ್ಮಜೀವಿಗಳು ಮಲಗಿವೆ ಗುರುಗಳೇ. ನೀರು ತಾಗಿದರೆ ಏಳ್ತವೆ, ಸುಣ್ಣ ಕಟ್ಟಿ ಬಿರುಕು ಮುಚ್ತವೆ. ನಮ್ಮ ಮೈ ಗಾಯ ಮಾಯಿಸಿಕೊಳ್ಳೋ ಹಾಗೆಯೇ."

"ಭಲೇ!"

ಆದರೆ ಮೃತ್ಯುಂಜಯನಿಗೆ ತಡೆಯಬೇಕಲ್ಲ! ದಿನಾ ಬೆಳಗಾದರೆ ಮೊಳೆ ಹಿಡಿದು ತೊಟ್ಟಿಯ ಹತ್ತಿರ ಹಾಜರು. ಬಿರುಕಿನ ಬಾಯಲ್ಲಿ ಬೆಳ್ಳಗೆ ಕಟ್ಟಿದ್ದನ್ನು ಕೆರೆದು, ಒಳಗೆ ಗಟ್ಟಿಯಾಗಿದೆಯೋ ಎಂದು ಇಣುಕುವುದು.

ಹತ್ತು ದಿನ ಕಳೆಯಿತು. ನೀರು ತೊಟತೊಟ ಸೋರುತ್ತಲೇ ಇತ್ತು.

"ಮೋಸ ಹೋದೆ ಗುರುಗಳೇ. ಈ ಜೀವಿಗಳು ಶುದ್ಧ ಸೋಮಾರಿಗಳು!"

ಗುರುಗಳು ಕಟ್ಟೆಯ ಮೇಲೆ ಕೂತು, ಪಂಚೆ ಸರಿಸಿ, ಮೊಣಕಾಲಿನ ಗಾಯದ ಹಕ್ಕಳೆಯನ್ನು ಉಗುರಿನಿಂದ ಎಬ್ಬಿಸತೊಡಗಿದರು.

"ಅಯ್ಯಯ್ಯೋ! ಕೀಳಬೇಡಿ ಗುರುಗಳೇ!"

"ಒಳಗೆ ಮಾಯ್ದಿದೆಯೋ ಇಲ್ಲವೋ ನೋಡೋದು ಬೇಡವೇನಪ್ಪಾ?"

"ದಿನಾ ಕಿತ್ತು ನೋಡ್ತಾ ಕೂತರೆ ಮಾಯೋದು ಯಾವಾಗ? ಒಳ್ಳೆ ಚಿಕ್ಕ ಮಕ್ಕಳ ಹಾಗೆ ಆಡ್ತೀರಲ್ಲ!"

ಗುರುಗಳು ವಿಧೇಯರಾಗಿ ಕೈ ತೆಗೆದರು. ಆಮೇಲೆ ಆ ಕೈಯನ್ನು ಅವನ ಮುಂದೆ ಚಾಚಿದರು.

ಮೃತ್ಯುಂಜಯ ಆ ಕೈ ನೋಡಿದ. ತನ್ನ ಕೈಯಲ್ಲಿದ್ದ ಮೊಳೆ ನೋಡಿದ. ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ಮೊಳೆಯನ್ನು ಗುರುಗಳ ಕೈಗೆ ಕೊಟ್ಟುಬಿಟ್ಟ.

ಹುಣ್ಣಿಮೆ ಬಂತು. ಸುತ್ತಿಗೆ ಹಿಡಿದು ಬಂದವರು ತೊಟ್ಟಿಯ ಸುತ್ತ ಸವರಿ ಸವರಿ ನೋಡಿದರು. ಒಂದು ಹನಿ ತೇವವಿಲ್ಲ. ಬಿರುಕಿದ್ದ ಕಡೆ ಬಿಳಿಯ ಗೆರೆ, ಅಷ್ಟೇ.

ಮೃತ್ಯುಂಜಯ ಅಂಗಳದಲ್ಲೇ ಕುಣಿದಾಡಿದ. ಕುಣಿದು ಸುಸ್ತಾದ ಮೇಲೆ ಗುರುಗಳ ಪಕ್ಕ ಬಂದು ಕೂತ.

"ಕೆರೀಬೇಡ ಅಂತ ಮೊದಲ ದಿನವೇ ಒಂದು ಮಾತು ಹೇಳಬಾರದಿತ್ತೇ ಗುರುಗಳೇ?"

ಗುರುಗಳು ಗಾಯ ಮಾಯ್ದ ಮೊಣಕಾಲು ಸವರಿಕೊಂಡು ನಕ್ಕರು.

"ಹೇಳಿದ್ದರೆ, ಆ ಮಾತು ಗಟ್ಟಿಯಾಗಿದೆಯೋ ಇಲ್ಲವೋ ಅಂತ ಅದನ್ನೂ ನೀನು ದಿನಾ ಕೆರೆದು ನೋಡ್ತಿದ್ದೆ ಕಣಯ್ಯಾ."